ಅಟ್ಟದ ಡಬ್ಬಿಯ ನಾಣ್ಯಗಳು: ಟಂಕನ ದೋಷದ ಗುರುತು ಮತ್ತು ತೊಳೆಯುವಿಕೆ ಕುರಿತ ಒಂದು ಪ್ರಕರಣ ಅಧ್ಯಯನ

ಪ್ರಕರಣದ ಹಿನ್ನೆಲೆ

ಕೊಡಗಿನ ನಾಪೋಕ್ಲು ಸಮೀಪದ ಐನ್‌ಮನೆಯೊಂದರಲ್ಲಿ (ಕೊಡವ ಕುಟುಂಬದ ಮೂಲ ಮನೆ) ಮಳೆಗಾಲಕ್ಕೆ ಮುನ್ನ ಅಟ್ಟವನ್ನು ಗುಡಿಸುತ್ತಿದ್ದಾಗ ತಗಡಿನ ಹಳೆಯ ಬಿಸ್ಕತ್ತು ಡಬ್ಬಿಯೊಂದು ಸಿಕ್ಕಿತು. ಒಲೆಯ ನೇರ ಮೇಲಿದ್ದ ಅಟ್ಟವಾದ್ದರಿಂದ ಡಬ್ಬಿಯ ಹೊರಗೂ ಒಳಗೂ ಹೊಗೆಯ ಜಿಡ್ಡು ಹಿಡಿದಿತ್ತು. ಮೂರು ತಲೆಮಾರಿನವರು ಹಾಕಿಟ್ಟಿದ್ದ ಎಂಬತ್ತಕ್ಕೂ ಹೆಚ್ಚು ನಾಣ್ಯಗಳು ಅದರಲ್ಲಿದ್ದವು: ಐದನೆಯ ಮತ್ತು ಆರನೆಯ ಜಾರ್ಜ್ ದೊರೆಗಳ ಕಾಲದ ರೂಪಾಯಿಗಳು, ಕಂಚಿನ ಕಾಲಾಣೆಗಳು, ಎರಡನೆಯ ಮಹಾಯುದ್ಧದ ಲೋಹದ ಕೊರತೆಯಿಂದ 1943ರಲ್ಲಿ ಚಲಾವಣೆಗೆ ಬಂದ ತೂತುಕಾಸುಗಳು, 1957ರಲ್ಲಿ ದಶಮಾಂಶ ಪದ್ಧತಿಯೊಂದಿಗೆ ಬಂದ ನಯಾ ಪೈಸೆಗಳು. ಇವುಗಳ ಜೊತೆಗೆ ಈಚಿನ ದಶಕಗಳ ಒಂದು, ಎರಡು, ಐದು ಮತ್ತು ಹತ್ತು ರೂಪಾಯಿಯ ನಾಣ್ಯಗಳೂ ಇದ್ದವು. ತೋಟದ ಆಳುಗಳ ಬಟವಾಡೆಗೆಂದು ತಂದ ಚಿಲ್ಲರೆಯಲ್ಲಿ ವಿಚಿತ್ರವಾಗಿ ಕಂಡವನ್ನೆಲ್ಲ ಮನೆಯ ಯಜಮಾನರು ಎತ್ತಿಡುತ್ತಿದ್ದರಂತೆ. ಅಂಥ ಕೆಲವನ್ನು ಅವರು ಮೆದು ಪ್ಲಾಸ್ಟಿಕ್ ಹಾಳೆಗಳ ಆಲ್ಬಮ್ಮಿನಲ್ಲಿ ಸೇರಿಸಿ ಅದೇ ಡಬ್ಬಿಯಲ್ಲಿಟ್ಟಿದ್ದರು.

ನನ್ನನ್ನು ಕೇಳಿದ್ದು ಮಳೆ ಇಳಿದ ಮೇಲೆ, ಸೆಪ್ಟೆಂಬರ್ ಕೊನೆಯಲ್ಲಿ. ಅಷ್ಟರಲ್ಲಿ ಎರಡು ಸಂಗತಿಗಳು ನಡೆದುಹೋಗಿದ್ದವು. ಮನೆಯ ಅಜ್ಜಿ ಮೇ ತಿಂಗಳಲ್ಲೇ ಹತ್ತಾರು ತಾಮ್ರ, ಕಂಚಿನ ಕಾಸುಗಳನ್ನು ದೀಪ ಬೆಳಗುವ ರೀತಿಯಲ್ಲಿ ಹುಣಸೆಹಣ್ಣು, ಉಪ್ಪು ಮತ್ತು ಒಲೆಯ ಬೂದಿಯಿಂದ ಉಜ್ಜಿದ್ದರು. ತುಲಾ ಸಂಕ್ರಮಣದಲ್ಲಿ ಕಾವೇರಿಗೆ ಸಲ್ಲಿಸುವ ಕಣಿ ಪೂಜೆಯ ತಟ್ಟೆಯಲ್ಲಿ ಬೆಳ್ಳಿ ರೂಪಾಯಿ ಇಡುವುದು ಆ ಮನೆಯ ರೂಢಿಯಾದ್ದರಿಂದ, ಕಪ್ಪಾಗಿದ್ದ ಬೆಳ್ಳಿಯನ್ನೂ ಹಬ್ಬದೊಳಗೆ ಉಜ್ಜಿಬಿಡಬೇಕೆಂಬ ಯೋಚನೆ ಅವರಿಗಿತ್ತು. ಇತ್ತ ಮೈಸೂರಿನಲ್ಲಿ ಓದುತ್ತಿರುವ ಮೊಮ್ಮಗಳು, ತಪ್ಪಾಗಿ ಅಚ್ಚಾದ ನಾಣ್ಯಗಳಿಗೆ ಲಕ್ಷಗಟ್ಟಲೆ ಬೆಲೆಯೆಂದು ಸಾರುವ ವಿಡಿಯೊಗಳನ್ನು ನೋಡಿ, ಎಂಟು ನಾಣ್ಯಗಳನ್ನು ಎರರ್ ನಾಣ್ಯಗಳೆಂದು ಬೇರ್ಪಡಿಸಿದ್ದಳು. ಯಾವುದು ನಿಜವಾದ ದೋಷ, ಹೇಗೆ ತೊಳೆಯಬೇಕು ಎಂದು ಎರಡು ಬೇರೆ ಪ್ರಶ್ನೆಗಳಾಗಿ ಅವರು ನನ್ನನ್ನು ಕೇಳಿದರು. ಅವು ಬೇರೆ ಬೇರೆ ಪ್ರಶ್ನೆಗಳಲ್ಲ ಎಂಬುದನ್ನು ತೋರಿಸುವುದಕ್ಕಾಗಿಯೇ ಈ ಪ್ರಕರಣವನ್ನು ವಿವರವಾಗಿ ಬರೆಯುತ್ತಿದ್ದೇನೆ. ಟಂಕಸಾಲೆಯಲ್ಲಿ ಆದ ದೋಷಕ್ಕೂ ಹೊರಗೆ ಆದ ಹಾನಿಗೂ ಇರುವ ವ್ಯತ್ಯಾಸ ನಾಣ್ಯದ ಮೇಲ್ಮೈಯ ಕೂದಲೆಳೆಯಷ್ಟು ತೆಳುವಾದ ಪದರದಲ್ಲಿ ದಾಖಲಾಗಿರುತ್ತದೆ. ಉಜ್ಜಿದಾಗ ಮೊದಲು ಹೋಗುವುದೂ ಅದೇ ಪದರ. ಆದ್ದರಿಂದ ಪರೀಕ್ಷೆ ಮುಗಿಯುವವರೆಗೆ ಯಾವ ನಾಣ್ಯಕ್ಕೂ ನೀರು ಸಹ ತಾಗಬಾರದೆಂದು ಮೊದಲ ದಿನವೇ ಒಪ್ಪಿಸಿದೆ.

ಎಂಟು ನಾಣ್ಯಗಳ ಪರೀಕ್ಷೆ

ಬಳಸಿದ ಸಾಧನಗಳು ಸರಳವಾದವು: 10 ಪಟ್ಟು ಹಿಗ್ಗಿಸಿ ತೋರಿಸುವ ಭೂತಗನ್ನಡಿ, ಚಿನ್ನದಂಗಡಿಯವರು ಬಳಸುವಂಥ 0.01 ಗ್ರಾಂ ನಿಖರತೆಯ ಪುಟ್ಟ ತಕ್ಕಡಿ, ಒಂದು ಸಣ್ಣ ಆಯಸ್ಕಾಂತ, ಒಂದೇ ಬದಿಯಿಂದ ಓರೆಯಾಗಿ ಬೆಳಕು ಬೀಳಿಸುವ ಮೇಜಿನ ದೀಪ. ಪ್ರತಿ ನಾಣ್ಯದ ಬಗ್ಗೆ ಕೇಳಬೇಕಾದ ಪ್ರಶ್ನೆಯೂ ಒಂದೇ: ಈ ವಿಕಾರ ಇನ್ನೂ ಅಚ್ಚೊತ್ತದ ಖಾಲಿ ಬಿಲ್ಲೆಯಲ್ಲಿ ಮೊದಲೇ ಇತ್ತೇ, ಅಚ್ಚಿನಿಂದ ಬಂತೇ, ಅಚ್ಚೊತ್ತುವ ಕ್ಷಣದಲ್ಲಿ ಆಯಿತೇ ಅಥವಾ ಟಂಕಸಾಲೆಯ ಬಾಗಿಲು ದಾಟಿದ ಮೇಲೆ ಆಯಿತೇ? ಮೊದಲ ಮೂರರಲ್ಲಿ ಯಾವುದಕ್ಕೂ ಸೇರದ ವಿಕಾರ ಎಷ್ಟೇ ವಿಚಿತ್ರವಾಗಿ ಕಂಡರೂ ಅದು ಹಾನಿಯೇ ಹೊರತು ದೋಷವಲ್ಲ.

ಮೊಮ್ಮಗಳು ಅತ್ಯಂತ ಕಡಿಮೆ ನಿರೀಕ್ಷೆಯಿಂದ ಕೊಟ್ಟ ನಾಣ್ಯವೇ ಎಲ್ಲಕ್ಕಿಂತ ಮುಖ್ಯವಾದುದಾಯಿತು. ಅದು 1990ರ ದಶಕದ ಉಕ್ಕಿನ ಒಂದು ರೂಪಾಯಿ. ಇಸವಿಯ ಕೆಳಗೆ ಹೈದರಾಬಾದ್ ಟಂಕಸಾಲೆಯ ನಕ್ಷತ್ರದ ಗುರುತಿತ್ತು, ಅಂಚಿನಲ್ಲಿ ಬಿಲ್ಲಿನಾಕಾರದ ಒಂದು ತುಂಡು ಇರಲಿಲ್ಲ. ಯಾರೋ ಕತ್ತರಿಸಿದ್ದಾರೆಂದು ಯಜಮಾನರೇ ತೀರ್ಮಾನಿಸಿ ಬದಿಗಿಟ್ಟಿದ್ದರು. ಲೋಹದ ಪಟ್ಟಿಯಿಂದ ಬಿಲ್ಲೆಗಳನ್ನು ಕತ್ತರಿಸುವಾಗ ಪಟ್ಟಿ ಸರಿಯಾಗಿ ಮುಂದೆ ಸರಿಯದಿದ್ದರೆ, ಆಗಲೇ ಬಿಲ್ಲೆ ತೆಗೆದಾದ ತೂತಿನ ಮೇಲೆಯೇ ಕತ್ತರಿಸುವ ಅಚ್ಚು ಭಾಗಶಃ ಬಿದ್ದು ಇಂಥ ಕಚ್ಚು ಬೀಳುತ್ತದೆ. ಹೀಗೆ ಕಚ್ಚು ಬಿದ್ದ ಬಿಲ್ಲೆಯ ಅಂಚನ್ನು ಯಂತ್ರ ಒತ್ತಿ ಎತ್ತರಿಸುವಾಗ, ಕಚ್ಚಿನ ಬದಿಯಲ್ಲಿ ಒತ್ತಡ ಇಲ್ಲದಿರುವುದರಿಂದ ಅದರ ನೇರ ಎದುರು ಬದಿಯ ಅಂಚು ಕೂಡ ಸರಿಯಾಗಿ ಏಳುವುದಿಲ್ಲ. ಈ ನಾಣ್ಯದಲ್ಲಿ ಕಚ್ಚಿನ ಎದುರು ಬದಿಯ ಅಂಚು ನಿಜಕ್ಕೂ ಸಪಾಟಾಗಿತ್ತು. ಕಚ್ಚಿನ ಬಳಿಯ ಅಕ್ಷರಗಳು ಥಟ್ಟನೆ ತುಂಡಾಗಿರದೆ ಕಚ್ಚಿನತ್ತ ಹರಿದು ತೆಳುವಾಗಿದ್ದವು; ಅಂದರೆ ಕಚ್ಚು ಮೊದಲು ಬಿದ್ದಿತ್ತು, ಅಕ್ಷರ ಆಮೇಲೆ ಮೂಡಿತ್ತು. 4.85 ಗ್ರಾಂ ಇರಬೇಕಾದ ನಾಣ್ಯ 4.41 ಗ್ರಾಂ ತೂಗಿತು. ತೂಕವೊಂದೇ ಏನನ್ನೂ ಸಾಬೀತುಪಡಿಸದು, ಅರದಿಂದ ತೇಯ್ದರೂ ತೂಕ ಇಳಿಯುತ್ತದೆ. ಆದರೆ ಎದುರು ಬದಿಯ ಸಪಾಟು ಅಂಚನ್ನು ಅರದಿಂದ ತೇಯ್ದವನು ಸೃಷ್ಟಿಸಲಾರ. ಇದು ನಿಸ್ಸಂದೇಹವಾಗಿ ಬಿಲ್ಲೆಯ ದೋಷ.

ಎರಡನೆಯದು ಹನ್ನೊಂದು ಬದಿಗಳ ಎರಡು ರೂಪಾಯಿ. ಅದರ ಒಂದು ಮುಖದ ಮೇಲೆ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಒಳಕ್ಕೆ ಒತ್ತಿದ್ದವು. ವಿಡಿಯೊಗಳ ಪ್ರಕಾರ ಮನೆಯವರ ಅತಿ ದೊಡ್ಡ ನಿರೀಕ್ಷೆ ಇದರ ಮೇಲಿತ್ತು. ಅಚ್ಚೊತ್ತಿದ ನಾಣ್ಯವೊಂದು ಹೊರಬೀಳದೆ ಅಚ್ಚಿಗೇ ಅಂಟಿಕೊಂಡರೆ, ಮುಂದಿನ ಬಿಲ್ಲೆಯ ಮೇಲೆ ಆ ನಾಣ್ಯದ ಉಬ್ಬು ತಗ್ಗಾಗಿ, ತಿರುವುಮುರುವಾಗಿ ಮೂಡುವುದು ನಿಜ. ಅದು ಸಂಗ್ರಾಹಕರು ಬಹಳ ಮೆಚ್ಚುವ ದೋಷವೂ ಹೌದು. ಆದರೆ ಆಗ ಆ ಮುಖದಲ್ಲಿ ಮೂಡಬೇಕಾಗಿದ್ದ ಸಹಜ ಚಿತ್ರ ಇರುವುದೇ ಇಲ್ಲ, ಏಕೆಂದರೆ ಅಚ್ಚಿಗೂ ಬಿಲ್ಲೆಗೂ ನಡುವೆ ಹಿಂದಿನ ನಾಣ್ಯ ಅಡ್ಡ ಬಂದಿರುತ್ತದೆ. ಇಲ್ಲಿ ಮೂಲ ಚಿತ್ರ ಪೂರ್ತಿಯಾಗಿ ಇತ್ತು, ಅದರ ಉಬ್ಬುಗಳು ಮಾತ್ರ ಚಪ್ಪಟೆಯಾಗಿ ಅವುಗಳ ಮೇಲೆ ತಿರುವು ಅಕ್ಷರಗಳು ಕೂತಿದ್ದವು. ಎರಡು ನಾಣ್ಯಗಳನ್ನು ಒಂದರ ಮೇಲೊಂದಿಟ್ಟು ವರ್ಕ್‌ಶಾಪಿನ ವೈಸಿನಲ್ಲಿ ಬಿಗಿದರೆ ಆಗುವುದು ಹೀಗೆಯೇ. ಹಾನಿ ಎಂದು ಬರೆದಿಟ್ಟೆವು.

ಐದು ರೂಪಾಯಿಯ ನಾಣ್ಯದಲ್ಲಿ ಅಕ್ಷರಗಳು ಎರಡೆರಡಾಗಿ ಕಾಣುತ್ತಿದ್ದವು. ಅಚ್ಚನ್ನು ತಯಾರಿಸುವಾಗಲೇ ಚಿತ್ರ ಎರಡು ಸಲ ಸ್ವಲ್ಪ ಸ್ಥಾನ ತಪ್ಪಿ ಬಿದ್ದಿದ್ದರೆ ಎರಡೂ ಅಕ್ಷರಗಳಿಗೆ ದುಂಡಗಿನ ತಲೆ ಇರುತ್ತದೆ, ಮೂಲೆಗಳು ಕವಲೊಡೆಯುತ್ತವೆ, ಅಕ್ಷರದ ಒಟ್ಟು ಅಗಲ ಹೆಚ್ಚುತ್ತದೆ. ಇಲ್ಲಿ ಎರಡನೆಯ ಅಕ್ಷರವೆಂದು ಕಂಡದ್ದು ಮೊದಲ ಅಕ್ಷರದ ಬದಿಯನ್ನೇ ಕೊರೆದು ಮಾಡಿದ, ಮೆಟ್ಟಿಲಿನಂತೆ ಚಪ್ಪಟೆಯಾದ ಒಂದು ಪಟ್ಟಿ. ಸಡಿಲವಾದ ಅಚ್ಚು ಹೊಡೆತದ ಕೊನೆಗೆ ಅದುರಿ ಸರಿದಾಗ ಹೀಗಾಗುತ್ತದೆ. ಅದು ಟಂಕಸಾಲೆಯಲ್ಲೇ ಆದದ್ದಾದರೂ ತೀರ ಸಾಮಾನ್ಯ, ಸಂಗ್ರಹಯೋಗ್ಯ ದೋಷವೆಂದು ಅದನ್ನು ಎಣಿಸುವುದಿಲ್ಲ. ಎರರ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಜೋಡಿ ಅಕ್ಷರದ ನಾಣ್ಯಗಳಲ್ಲಿ ನಾನು ನೋಡಿದ ಬಹುಪಾಲು ಇದೇ ಜಾತಿಯವು.

ಎರಡು ಲೋಹಗಳ ಹತ್ತು ರೂಪಾಯಿಯಲ್ಲಿ ನಡುವಿನ ಬಿಲ್ಲೆ ಓರೆಯಾಗಿ ತಿರುಗಿತ್ತು. ತೂಕ 7.71 ಗ್ರಾಂಗೆ ಸರಿಹೊಂದಿತು. ಆದರೆ ನಡುವಿನ ಭಾಗವನ್ನು ಎಬ್ಬಿಸಿ ತಿರುಗಿಸಿ ಮತ್ತೆ ಕೂರಿಸಿದರೂ ತೂಕ ಬದಲಾಗುವುದಿಲ್ಲವಲ್ಲ. ಹೊರಬಳೆಯೂ ನಡುಬಿಲ್ಲೆಯೂ ಅಚ್ಚೊತ್ತುವ ಒಂದೇ ಹೊಡೆತದಲ್ಲಿ ಬೆಸೆಯುತ್ತವೆ. ಈ ನಾಣ್ಯದಲ್ಲಿ ಬೆಸುಗೆಯ ಗೆರೆಯುದ್ದಕ್ಕೂ ಬೆಳಕು ತೂರುವಷ್ಟು ಸಂದು, ಒಂದೆಡೆ ಸ್ಕ್ರೂಡ್ರೈವರಿನ ತುದಿ ಊರಿದ ಗಾಯ ಕಂಡವು. ಕಿಡಿಗೇಡಿತನ, ಅಷ್ಟೇ.

ಆಯಸ್ಕಾಂತಕ್ಕೆ ಅಂಟಿಕೊಂಡ 1947ರ ರೂಪಾಯಿಯನ್ನು ತಪ್ಪು ಲೋಹದಲ್ಲಿ ಅಚ್ಚಾದದ್ದೆಂದು ಮೊಮ್ಮಗಳು ಭಾವಿಸಿದ್ದಳು. ಬೆಳ್ಳಿ ಅಂಟುವುದಿಲ್ಲವೆಂಬ ಅವಳ ತರ್ಕ ಸರಿಯಾಗಿಯೇ ಇತ್ತು. ಆದರೆ 1947ರ ರೂಪಾಯಿಯೇ ನಿಕಲ್ಲಿನದು. ಶುದ್ಧ ನಿಕಲ್ ಆಯಸ್ಕಾಂತಕ್ಕೆ ಅಂಟುತ್ತದೆ. 1940ರಿಂದಲೇ ರೂಪಾಯಿಯಲ್ಲಿ ಬೆಳ್ಳಿಯ ಪಾಲು ಅರ್ಧಕ್ಕೆ ಇಳಿದಿತ್ತು, ಕೊನೆಗೆ ಬೆಳ್ಳಿಯೇ ಹೋಯಿತು. ಇಸವಿಯ ಕೆಳಗೆ ಯಾವ ಗುರುತೂ ಇಲ್ಲದ ಇನ್ನೊಂದು ನಾಣ್ಯವನ್ನೂ ಆಕೆ ಬೇರ್ಪಡಿಸಿದ್ದಳು. ಮುಂಬೈಗೆ ವಜ್ರಾಕೃತಿ, ಹೈದರಾಬಾದಿಗೆ ನಕ್ಷತ್ರ, ನೋಯ್ಡಾಕ್ಕೆ ಚುಕ್ಕೆ ಇರುವಂತೆ ಕೋಲ್ಕತ್ತಾಗೆ ಗುರುತು ಇಲ್ಲದಿರುವುದೇ ಗುರುತು. ದೋಷವನ್ನು ಹುಡುಕುವವರು ಮೊದಲು ದೋಷವಿಲ್ಲದ ನಾಣ್ಯ ಹೇಗಿರಬೇಕೆಂಬುದನ್ನು ಕಲಿಯಬೇಕಾಗುತ್ತದೆ. ಈ ಹುಡುಗಿ ಅದನ್ನು ಎರಡೇ ದಿನದಲ್ಲಿ ಕಲಿತು, ಉಳಿದ ನಾಣ್ಯಗಳ ಪಟ್ಟಿಯನ್ನು ತಾನೇ ಅಚ್ಚುಕಟ್ಟಾಗಿ ತಯಾರಿಸಿದಳು.

ಏಳನೆಯದು 1918ರ ಬೆಳ್ಳಿ ರೂಪಾಯಿ. ಅಂಚಿನಿಂದ ಹೊರಟ ಕೂದಲಿನಂಥ ಗೆರೆಯೊಂದು ಅಕ್ಷರಗಳ ನಡುವೆ ಹಾದು ದೊರೆಯ ಕೆನ್ನೆಯವರೆಗೆ ಬಂದಿತ್ತು. ಗೀರು ತಗ್ಗಾಗಿರುತ್ತದೆ, ಅಚ್ಚಿನ ಬಿರುಕಿನ ಗೆರೆ ಉಬ್ಬಾಗಿರುತ್ತದೆ, ಏಕೆಂದರೆ ಬಿರುಕು ಬಿಟ್ಟ ಅಚ್ಚಿನ ಸಂದಿಗೆ ನಾಣ್ಯದ ಲೋಹ ಏರಿರುತ್ತದೆ. ಓರೆ ಬೆಳಕಿನಲ್ಲಿ ಈ ಗೆರೆಯ ನೆರಳು ಉಬ್ಬಿನದೆಂದು ಸ್ಪಷ್ಟವಾಯಿತು. ನಿಜವಾದ ಅಚ್ಚಿನ ದೋಷ, ಆದರೆ ಬೆಲೆಯನ್ನು ಹೆಚ್ಚೇನೂ ಏರಿಸದಂಥದು. ಇದೇ ಸಂದರ್ಭದಲ್ಲಿ ಯಜಮಾನರು 1911ರ ರೂಪಾಯಿಯ ಆನೆಯ ವಿಷಯ ಎತ್ತಿದರು. ಆ ವರ್ಷದ ರೂಪಾಯಿಯಲ್ಲಿ ದೊರೆಯ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಾಣುತ್ತದೆಂಬ ಆಕ್ಷೇಪ ಎದ್ದು, 1912ರಲ್ಲಿ ಚಿತ್ರವನ್ನು ತಿದ್ದಿದರು. ಅದು ಚಿತ್ರಕಾರರ ವಿನ್ಯಾಸಕ್ಕೆ ಸೇರಿದ ಸಂಗತಿ. ಟಂಕನ ದೋಷಗಳ ಸಾಲಿಗೆ ಅದು ಬರುವುದಿಲ್ಲ.

ಎಂಟನೆಯ ನಾಣ್ಯದಲ್ಲಿ ಈ ಪ್ರಕರಣದ ತಿರುಳಿದೆ. ಅದು ಐದನೆಯ ಜಾರ್ಜ್ ಕಾಲದ ಕಂಚಿನ ಕಾಲಾಣೆ. ಇಸವಿಯ ಕೊನೆಯ ಅಂಕಿ ಇರಲಿಲ್ಲ. ಅಚ್ಚಿನ ಗುಳಿಯಲ್ಲಿ ಎಣ್ಣೆ ಮತ್ತು ಲೋಹದ ಹುಡಿ ತುಂಬಿಕೊಂಡರೆ ಅಲ್ಲಿ ಅಂಕಿ ಮೂಡುವುದಿಲ್ಲ. ಹಾಗಾಗಿದ್ದರೆ ಅಂಕಿ ಇರಬೇಕಾದ ಜಾಗದ ಮೇಲ್ಮೈ ಸುತ್ತಲಿನ ಜಾಗದಂತೆಯೇ ಇರುತ್ತದೆ: ಅದೇ ಬಣ್ಣದ ಹಳೆಯ ಪದರ, ಹೊಡೆತದ ವೇಳೆ ಲೋಹ ಹರಿದ ಅದೇ ಸೂಕ್ಷ್ಮ ಗೆರೆಗಳು. ಯಾರಾದರೂ ಅಂಕಿಯನ್ನು ತೇಯ್ದಿದ್ದರೆ ಆ ಜಾಗ ಕೊಂಚ ತಗ್ಗಾಗಿ, ಬೇರೆ ಬಣ್ಣವಾಗಿ, ಒಂದೇ ದಿಕ್ಕಿನ ಗೀರುಗಳಿಂದ ಕೂಡಿರುತ್ತದೆ. ಈ ನಾಣ್ಯ ಮೇ ತಿಂಗಳಲ್ಲಿ ಉಜ್ಜಿದವುಗಳಲ್ಲಿ ಒಂದು. ಬೂದಿಯ ಗೀರುಗಳು ಇಡೀ ಮುಖವನ್ನು ಆವರಿಸಿದ್ದವು, ಹಳೆಯ ಪದರ ಎಲ್ಲಿಯೂ ಉಳಿದಿರಲಿಲ್ಲ, ಕಂಚು ಅಸಹಜವಾದ ನಸುಗೆಂಪಿಗೆ ತಿರುಗಿತ್ತು. ದೋಷವೆನ್ನಲೂ ಹಾನಿಯೆನ್ನಲೂ ಆಧಾರವಿಲ್ಲ. ಎಂಟರಲ್ಲಿ ತೀರ್ಮಾನಿಸಲಾಗದೆ ಉಳಿದದ್ದು ಇದೊಂದೇ, ಕಾರಣ ತೊಳೆದದ್ದು.

ತೊಳೆಯುವಿಕೆ

ಹುಣಸೆಯಿಂದ ಹೊಳಪು ಬರುವುದು ನಿಜ. ಅದರ ಟಾರ್ಟಾರಿಕ್ ಆಮ್ಲ ತಾಮ್ರದ ಆಕ್ಸೈಡನ್ನೂ ಕಿಲುಬನ್ನೂ ಕರಗಿಸುತ್ತದೆ. ಬೂದಿ ಉಳಿದದ್ದನ್ನು ತೇಯುತ್ತದೆ. ನಿಂಬೆಯಾಗಲಿ ನಮ್ಮ ಕೊಡಗಿನ ಹುಳಿರಸವಾದ ಕಾಚಂಪುಳಿಯಾಗಲಿ ಮಾಡುವುದು ಇದೇ ಕೆಲಸ. ನಿತ್ಯ ಬಳಸುವ ದೀಪಕ್ಕೆ, ಬಿಂದಿಗೆಗೆ ಇದು ತಕ್ಕ ಕ್ರಮ. ನಾಣ್ಯಕ್ಕೆ ಇನ್ನೂ ದೊಡ್ಡ ಅಪಾಯ ಬರುವುದು ಉಪ್ಪಿನಿಂದ. ಆಮ್ಲದೊಂದಿಗೆ ಸೇರಿದ ಉಪ್ಪಿನ ಕ್ಲೋರೈಡ್ ತಾಮ್ರದೊಡನೆ ಕೂಡಿ ಸಣ್ಣ ಗುಂಡಿಗಳಲ್ಲಿ ಉಳಿದುಬಿಡುತ್ತದೆ. ತೇವವೂ ಗಾಳಿಯೂ ತಾಗಿದಾಗ ಅದು ಹೈಡ್ರೋಕ್ಲೋರಿಕ್ ಆಮ್ಲವನ್ನು ಹುಟ್ಟಿಸುತ್ತದೆ, ಆ ಆಮ್ಲ ಇನ್ನಷ್ಟು ತಾಮ್ರವನ್ನು ತಿನ್ನುತ್ತದೆ, ಮತ್ತೆ ಕ್ಲೋರೈಡ್ ಹುಟ್ಟುತ್ತದೆ. ಸಂರಕ್ಷಣಾ ತಜ್ಞರು ಇದನ್ನು ಕಂಚಿನ ರೋಗವೆಂದು ಕರೆಯುತ್ತಾರೆ. ಮೇ ತಿಂಗಳಲ್ಲಿ ಫಳಫಳಿಸಿದ ಕಾಲಾಣೆಗಳಲ್ಲಿ ಮೂರರ ಮೇಲೆ ಆಗಸ್ಟಿನ ಹೊತ್ತಿಗೆ ತಿಳಿಹಸಿರು ಹುಡಿಯ ಚುಕ್ಕೆಗಳು ಎದ್ದಿದ್ದವು. ಕೊಡಗಿನ ಜಡಿಮಳೆಯ ತಿಂಗಳುಗಳಲ್ಲಿ ಬಟ್ಟೆಯೇ ಒಣಗದಿರುವಾಗ ಈ ಕ್ರಿಯೆಗೆ ಬೇಕಾದ ತೇವಕ್ಕೆ ಕೊರತೆಯೇನಿತ್ತು? ಉಜ್ಜದೆ ಬಿಟ್ಟ ಕಾಲಾಣೆಗಳ ಮೇಲೂ ಹಸಿರು ಇತ್ತು, ಆದರೆ ಅದು ಗಾಢವಾದ, ಗಟ್ಟಿಯಾಗಿ ಅಂಟಿಕೊಂಡ ಪದರ. ಮರದ ಹಲ್ಲುಕಡ್ಡಿಯಿಂದ ಮುಟ್ಟಿದರೆ ಉದುರಲಿಲ್ಲ. ಅಂಥದು ಲೋಹಕ್ಕೆ ರಕ್ಷಣೆಯೇ ಆಗಿರುವುದರಿಂದ ಹಾಗೆಯೇ ಬಿಟ್ಟೆವು.

ಹುಡಿ ಬಿಟ್ಟ ಮೂರನ್ನು ಮೊದಲು ಬೇರೆ ಡಬ್ಬಿಗೆ ಹಾಕಿದೆವು. ಹುಡಿಯನ್ನು ಹಲ್ಲುಕಡ್ಡಿಯಿಂದ ಬಿಡಿಸಿ, ಡಿಸ್ಟಿಲ್ಡ್ ವಾಟರಿನಲ್ಲಿ ನೆನೆಸಿ, ಕ್ಲೋರೈಡ್ ನೀರಿಗೆ ಇಳಿಯುವಂತೆ ನೀರನ್ನು ದಿನವೂ ಬದಲಿಸುತ್ತ ಬಂದೆವು. ಬಾವಿ ಅಥವಾ ನಲ್ಲಿಯ ನೀರನ್ನು ಬಳಸದಿರಲು ಕಾರಣ, ಅದರಲ್ಲೇ ಕ್ಲೋರೈಡ್ ಇರುತ್ತದೆ. ಅಪರೂಪದ ನಾಣ್ಯವಾಗಿದ್ದರೆ ಸೋಡಿಯಂ ಸೆಸ್ಕ್ವಿಕಾರ್ಬೊನೇಟ್ ದ್ರಾವಣದ ಚಿಕಿತ್ಸೆ ಬಲ್ಲ ಸಂರಕ್ಷಣಾ ತಜ್ಞರ ಕೈಗೆ ಒಪ್ಪಿಸಬೇಕೆಂದು ಹೇಳುತ್ತಿದ್ದೆ. ಇವು ಸಾಮಾನ್ಯ ಇಸವಿಯ ಕಾಲಾಣೆಗಳಾದ್ದರಿಂದ ನೀರು ಮತ್ತು ಒಣ ಡಬ್ಬಿಯೇ ಸಾಕೆಂದು ಕಂಡಿತು.

ಆಲ್ಬಮ್ಮಿನಲ್ಲಿದ್ದ ನಾಣ್ಯಗಳ ಸಮಸ್ಯೆ ಬೇರೆ. ಅವುಗಳ ಮೇಲೆ ಬೆರಳಿಗೆ ಅಂಟುವ ಹಸಿರು ಲೋಳೆಯಿತ್ತು. ಪಿವಿಸಿ ಎಂಬ ಮೆದು ಪ್ಲಾಸ್ಟಿಕ್ಕಿನ ಹಾಳೆಗಳು ವರ್ಷಗಳು ಕಳೆದಂತೆ ಎಣ್ಣೆಯಂಥ ಅಂಶವನ್ನೂ ಆಮ್ಲವನ್ನೂ ಬಿಡುತ್ತವೆ. ಇದಕ್ಕೆ ಮದ್ದು ಶುದ್ಧ ಅಸಿಟೋನ್: ಅದು ಲೋಹವನ್ನು ಮುಟ್ಟದೆ ಲೋಳೆ, ಜಿಡ್ಡು, ಅಂಟನ್ನು ಮಾತ್ರ ಕರಗಿಸುತ್ತದೆ. ಉಗುರಿನ ಬಣ್ಣ ತೆಗೆಯುವ ದ್ರವ ಬೇಡ, ಅದರಲ್ಲಿ ಸುಗಂಧ, ಎಣ್ಣೆ, ಬಣ್ಣ ಬೆರೆತಿರುತ್ತವೆ. ಅಸಿಟೋನ್ ಬಲುಬೇಗ ಹೊತ್ತಿಕೊಳ್ಳುವ ದ್ರವ. ಆ ಮನೆಯ ಅಡುಗೆಕೋಣೆಯಲ್ಲಿ ಸೌದೆ ಒಲೆ ಉರಿಯುತ್ತಿದ್ದುದರಿಂದ, ಮುಚ್ಚಳವಿರುವ ಗಾಜಿನ ಬಟ್ಟಲುಗಳನ್ನು ದೂರದ ಜಗಲಿಗೆ ಒಯ್ದು ಗಾಳಿಯಾಡುವಲ್ಲಿ ಕೆಲಸ ಮಾಡಿದೆವು. ಪ್ಲಾಸ್ಟಿಕ್ ಬಟ್ಟಲನ್ನು ಅಸಿಟೋನ್ ಕರಗಿಸಿ ಆ ಕರಗಿದ್ದನ್ನು ನಾಣ್ಯಕ್ಕೇ ಬಳಿಯಬಹುದು. ಮೊದಲ ಬಟ್ಟಲಿನಲ್ಲಿ ನೆನೆಸಿ, ಎರಡನೆಯ ಹೊಸ ಅಸಿಟೋನಿನಲ್ಲಿ ಅದ್ದಿ, ಅಂಚಿನಲ್ಲಿ ಹಿಡಿದು ಮೆತ್ತನೆಯ ಬಟ್ಟೆಯ ಮೇಲಿಟ್ಟಾಗ ಅದು ತಾನೇ ಆರಿತು. ಎಲ್ಲಿಯೂ ಉಜ್ಜಲಿಲ್ಲ, ಒರೆಸಲೂ ಇಲ್ಲ. ಅಟ್ಟದ ಹೊಗೆಯ ಜಿಡ್ಡು ಕೂಡ ಇದರಿಂದಲೇ ಹೋಯಿತು. ಕಚ್ಚು ಬಿದ್ದ ಒಂದು ರೂಪಾಯಿಯ ಸಪಾಟು ಅಂಚು ಆಮೇಲೆ ಇನ್ನೂ ಚೆನ್ನಾಗಿ ಕಂಡಿತು.

ಬೆಳ್ಳಿಯ ವಿಷಯದಲ್ಲಿ ಅಜ್ಜಿಯೊಂದಿಗೆ ದೀರ್ಘ ಮಾತು ನಡೆಯಿತು. ಬೆಳ್ಳಿಯ ಕಪ್ಪು ಗಂಧಕದ ಅಂಶ ತಾಗಿ ಆದ ಬೆಳ್ಳಿ ಸಲ್ಫೈಡ್. ಅಲ್ಯೂಮಿನಿಯಂ ಹಾಳೆಯ ಮೇಲಿಟ್ಟು ಬಿಸಿನೀರು, ಅಡುಗೆ ಸೋಡಾ ಹಾಕುವ ವಿಧಾನ ಅದನ್ನು ಮತ್ತೆ ಬೆಳ್ಳಿಯಾಗಿಸುತ್ತದೆ, ಆದರೆ ನೂರು ವರ್ಷದಲ್ಲಿ ಸಮವಾಗಿ ಕೂತ ಬಣ್ಣದ ಬದಲು ಮಂಕಾದ, ಜೀವವಿಲ್ಲದ ಬಿಳುಪು ಉಳಿಯುತ್ತದೆ. ಅಂಗಡಿಯ ಬೆಳ್ಳಿ ದ್ರಾವಣಗಳು ಮೇಲ್ಮೈಯ ಬೆಳ್ಳಿಯನ್ನೂ ಕೊಂಚ ಕರಗಿಸುತ್ತವೆ. ಬಿರುಕುಗೆರೆಯ 1918ರ ರೂಪಾಯಿಯನ್ನು ಮುಟ್ಟಬಾರದೆಂದು ಹೇಳಿದೆ. “ಕಪ್ಪಾದದ್ದನ್ನು ಕಾವೇರಮ್ಮನ ಮುಂದೆ ಇಡುವುದು ಹೇಗೆ?” ಎಂಬ ಅಜ್ಜಿಯ ಮಾತಿನಲ್ಲೂ ನ್ಯಾಯವಿತ್ತು. ಪೂಜೆಯ ಬೆಳ್ಳಿ ಹೊಳೆಯಬೇಕೆಂಬುದು ಸಂಗ್ರಾಹಕನ ನಿಯಮಕ್ಕಿಂತ ಕಡಿಮೆ ಗೌರವದ ಮಾತಲ್ಲ. ಆದ್ದರಿಂದ ಬಹಳ ಸವೆದಿದ್ದ, ಸಾಮಾನ್ಯ ಇಸವಿಯ ಎರಡು ಬೆಳ್ಳಿ ರೂಪಾಯಿಗಳನ್ನು ಪೂಜೆಗೆಂದೇ ಶಾಶ್ವತವಾಗಿ ಬೇರ್ಪಡಿಸಿ ಅವರಿಗೆ ಒಪ್ಪಿಸಿದೆವು. ಅವನ್ನು ಅವರು ತಮ್ಮ ಕ್ರಮದಲ್ಲೇ ಬೆಳಗಬಹುದು. ಮಿಕ್ಕ ಬೆಳ್ಳಿಗೆ ಯಾರೂ ಕೈಹಚ್ಚಬಾರದೆಂಬುದಕ್ಕೆ ಅವರೇ ಕಾವಲಾಗಿದ್ದಾರೆ.

ಮಾರಾಟದ ಮಾತು ಮತ್ತು ಜೋಪಾಸನೆ

ಈ ನಡುವೆ ಎರಡು ರೂಪಾಯಿಯ ನಾಣ್ಯದ ಚಿತ್ರ ನೋಡಿ ಒಬ್ಬಾತ ಫೋನ್ ಮಾಡಿ, ಲಕ್ಷಗಳ ಬೆಲೆ ಹೇಳಿ, ಮೊದಲು ನೋಂದಣಿ ಶುಲ್ಕ ಕಟ್ಟಬೇಕೆಂದು ಕೇಳಿದ್ದ. ಹಳೆಯ ನಾಣ್ಯ, ನೋಟುಗಳ ಖರೀದಿಯ ಹೆಸರಿನಲ್ಲಿ ತನ್ನ ಹೆಸರನ್ನು ಬಳಸಿ ಶುಲ್ಕ, ಕಮಿಷನ್, ತೆರಿಗೆ ಕೇಳುವವರ ಬಗ್ಗೆ ಭಾರತೀಯ ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲಿ ಸಾರ್ವಜನಿಕರನ್ನು ಎಚ್ಚರಿಸಿದೆ. ಕೊಳ್ಳುವವನು ಮಾರುವವನಿಂದ ಮುಂಗಡ ಕೇಳುವುದೇ ವಂಚನೆಯ ಗುರುತೆಂದು ತಿಳಿಸಿದಾಗ ಮನೆಯವರು ಆ ಮಾತನ್ನು ಅಲ್ಲಿಗೇ ಕೈಬಿಟ್ಟರು. ದುಬೈಯಲ್ಲಿರುವ ಮಗ ಬೆಳ್ಳಿ ರೂಪಾಯಿಗಳನ್ನು ಅಲ್ಲಿಗೆ ಒಯ್ದು ತೋರಿಸುವುದಾಗಿ ಹೇಳಿದ್ದ. ನೂರು ವರ್ಷ ದಾಟಿದ ನಾಣ್ಯಗಳು 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರುವುದರಿಂದ ಖಾಸಗಿಯವರು ಅವನ್ನು ದೇಶದ ಹೊರಗೆ ಒಯ್ಯುವಂತಿಲ್ಲ. 1918ರ ರೂಪಾಯಿ ಆ ಗಡಿಯನ್ನು ಆಗಲೇ ದಾಟಿದೆ.

ಮೆದು ಪ್ಲಾಸ್ಟಿಕ್ಕಿನ ಆಲ್ಬಮ್ಮನ್ನು ಎಸೆದು, ಪ್ರತಿ ನಾಣ್ಯವನ್ನು ಪಾಲಿಯೆಸ್ಟರ್ ಕಿಟಕಿಯಿರುವ ರಟ್ಟಿನ ಚೌಕಟ್ಟಿನಲ್ಲಿಟ್ಟು, ರಬ್ಬರ್ ಬ್ಯಾಂಡ್ ಮತ್ತು ಉಣ್ಣೆಬಟ್ಟೆಯನ್ನು ದೂರವಿಟ್ಟೆವು. ಅವೆರಡೂ ಗಂಧಕ ಬಿಟ್ಟು ಬೆಳ್ಳಿಯನ್ನು ಕಪ್ಪಾಗಿಸುತ್ತವೆ. ಗಾಳಿಯಾಡದ ಡಬ್ಬಿಯಲ್ಲಿ ಬಣ್ಣ ಬದಲಿಸುವ ಸಿಲಿಕಾ ಜೆಲ್ ಇದೆ. ತೇವ ಹೀರಿ ಬಣ್ಣ ಬದಲಾದಾಗ ಅದನ್ನು ಬಿಸಿಮಾಡಿ ಒಣಗಿಸಿ ಮತ್ತೆ ಬಳಸಬಹುದು. ಮಳೆಗಾಲದಲ್ಲಿ ವಾರಕ್ಕೊಮ್ಮೆ ಅದನ್ನು ನೋಡುವ ಹೊಣೆಯನ್ನು ಯಜಮಾನರು ವಹಿಸಿಕೊಂಡಿದ್ದಾರೆ. ಡಬ್ಬಿ ಈಗ ಅಟ್ಟದ ಬದಲು ಮಲಗುವ ಕೋಣೆಯ ಉಕ್ಕಿನ ಬೀರುವಿನಲ್ಲಿದೆ. ಪ್ರತಿ ಚೌಕಟ್ಟಿನ ಮೇಲೆ ಇಸವಿ, ಟಂಕಸಾಲೆ, ತೂಕ, ದೋಷವೋ ಹಾನಿಯೋ ಎಂಬ ತೀರ್ಮಾನ, ಅದಕ್ಕೆ ಕಂಡ ಆಧಾರ, ತೊಳೆದದ್ದಾದರೆ ಯಾವುದರಿಂದ ಎಂಬುದನ್ನೆಲ್ಲ ಮೊಮ್ಮಗಳು ಬರೆದಿದ್ದಾಳೆ. ಅಂಕಿಯಿಲ್ಲದ ಕಾಲಾಣೆಯ ಮೇಲೆ “ತೀರ್ಮಾನವಿಲ್ಲ, ಪರೀಕ್ಷೆಗೆ ಮುನ್ನ ಹುಣಸೆ, ಉಪ್ಪು, ಬೂದಿಯಿಂದ ಉಜ್ಜಲಾಗಿದೆ” ಎಂದಿದೆ. ಹುಡಿ ಬಿಟ್ಟಿದ್ದ ಮೂರು ಕಾಲಾಣೆಗಳು ಪ್ರತ್ಯೇಕ ಡಬ್ಬಿಯಲ್ಲಿವೆ; ಮುಂದಿನ ಮಳೆಗಾಲ ಕಳೆದ ಮೇಲೂ ಹಸಿರು ಮರಳಿ ಏಳದಿದ್ದರೆ ಮಾತ್ರ ಅವನ್ನು ಉಳಿದವುಗಳ ಜೊತೆ ಸೇರಿಸಲಾಗುವುದು.